ಚಿತ್ರ ಪ್ರೀತಿಸಿದ ಬಾದಶಹ



ನನಗ ಚಿತ್ರ ತೆಗೆಯೋದು ಅಂದ್ರ ಬಾಳ ಇಷ್ಟ. ಈ ಸಲ ಗೋಡೆ ಪತ್ರಿಕೆಗೆ ನಿನಗೆ ಸೇರಿದ ಚಿತ್ರದ ಬಗ್ಗೆ ಬರಿ ಅಂತ ಗುರುಗಳು ಹೇಳಿದರು. ರಾಜಾ ರವಿವರ್ಮನ ಲಕ್ಷ್ಮಿ, ಸರಸ್ವತಿ ಎಲ್ಲಾರ ಮನಿ ಜಗಲಿ ಮ್ಯಾಲೆ ಇದ್ದಾರ. ಆದರೆ ನಾನು ಬರೆಯುವುದು ಅದಕ್ಕೂ ಸುಮಾರು 300 ವರ್ಷ ಹಿಂದಿನ ಇನ್ನೊಂದು ಸರಸ್ವತಿ ಚಿತ್ರದ ಬಗ್ಗೆ, ಮತ್ತು ಅದು ಹುಟ್ಟಿದ ಕಾಲದ ನಮ್ಮ ಬಾದಶಹನ ಬಗ್ಗೆ. ಅವನ ಹೆಸರು ಎರಡನೇ ಇಬ್ರಾಹಿಂ ಆದಿಲ್‌ಶಹ.

ಗೋಳಗುಮ್ಮಟ ನಾವೆಲ್ಲಾ ನೋಡೀವಿ. ಅದು ಮಹಮ್ಮದ ಆದಿಲ್‌ಶಹನ ಗೋರಿ. ಅವನ ತಂದೆಯೇ ಈ ಇಬ್ರಾಹಿಂ. ಒಂದನೇ ಅಲಿ ಆದಿಲ್‌ಶಹನಿಗೆ ಗಂಡು ಮಕ್ಕಳಿರಲಿಲ್ಲ. 1580ರಲ್ಲಿ ಅವನು ತೀರಿದ ಮೇಲೆ ಸಹೋದರನ ಮಗನಾದ ಇಬ್ರಾಹಿಂನನ್ನು ಪಟ್ಟಕ್ಕೆ ಕೂಡಿಸಿದರು. ಆಗ ಅವನಿಗೆ ಒಂಬತ್ತು ವರ್ಷ. ಅಂದ್ರ ನಮ್ಮ ನಾಲ್ಕನೇ ವರ್ಗದ ಹುಡುಗರಷ್ಟು! ಅಲಿಯ ಹೆಂಡತಿ ಚಾಂದಬೀಬಿ ಅವನನ್ನು ನೋಡಿಕೊಂಡಳು.

ದೊಡ್ಡವನಾದ ಮೇಲೆ ಇಬ್ರಾಹಿಂನಿಗೆ ಸಂಗೀತ ಮತ್ತು ಚಿತ್ರದ ಹುಚ್ಚು ಹತ್ತಿತು. ತನ್ನ ತಂಬೂರಿಗೆ ಮೋತಿಖಾನ ಎಂದು ಹೆಸರಿಟ್ಟಿದ್ದನು. ಅವನ ಮೆಚ್ಚಿನ ಆನೆಯ ಹೆಸರು ಆತಶಖಾನ. ದಖನಿ ಭಾಷೆಯಲ್ಲಿ ಕಿತಾಬ್-ಎ-ನವರಸ ಎಂಬ ಹಾಡಿನ ಪುಸ್ತಕ ಬರೆದನು. ಅದರಾಗ ಅಲ್ಲಾಹನನ್ನೂ ನೆನೆದಾನ, ಸರಸ್ವತಿ ಗಣಪತಿಯನ್ನೂ ನೆನೆದಾನ. ಖುಶಿನವೀಸಿ, ಅಂದರೆ ಚಂದ ಅಕ್ಷರ ಬರೆಯುವ ಕಲೆಯಲ್ಲೂ ಅವನ ಕೈ ಪಳಗಿತ್ತು. ಜನರು ಅವನನ್ನು ಜಗದ್ಗುರು ಎಂದು ಕರೆದರು.

ಅವನ ದರಬಾರಕ್ಕೆ ದೂರದ ದೇಶದಿಂದ ಚಿತ್ರಕಾರರು ಬಂದರು. ಫರ್ರುಖ್ ಹುಸೇನ ಎಂಬ ಚಿತ್ರಕಾರ ಸುಮಾರು 1604ರಲ್ಲಿ ವೀಣೆ ನುಡಿಸುವ ಸರಸ್ವತಿಯ ಚಿತ್ರ ಬರೆದನು. ಇಬ್ರಾಹಿಂನ ತಂದೆ ಗಣಪತಿ, ತಾಯಿ ಸರಸ್ವತಿ ಎಂಬ ಅರ್ಥದ ಮಾತು ಆ ಚಿತ್ರದ ಮ್ಯಾಲೇ ಐತಿ. ಬರೆದವನು ಮುಸಲ್ಮಾನ, ರಾಜನೂ ಮುಸಲ್ಮಾನ, ಬರೆದದ್ದು ಸರಸ್ವತಿ. ಇದನ್ನು ಪುಸ್ತಕದಾಗ ನೋಡಿದಾಗ ನನಗ ಬಾಳ ಸಂತೋಷ ಆತು. ಇಬ್ರಾಹಿಂ ತಾನೇ ತಂಬೂರಿ ಬಾರಿಸುತ್ತಾ ಕುಳಿತ ಚಿತ್ರವನ್ನು ಫರ್ರುಖ್ ಬೇಗ ಎಂಬುವನು ಬರೆದಿದ್ದಾನೆ. ಇಬ್ಬರೂ ಒಬ್ಬನೇ ಅಂತ ಕೆಲವು ಪಂಡಿತರು ಹೇಳತಾರ. ಕೈಯಾಗ ಮೈನಾ ಹಕ್ಕಿ ಹಿಡಿದು ನಿಂತ ಯೋಗಿನಿಯ ಚಿತ್ರವೂ ಆ ಕಾಲದ್ದೇ.

ಇಬ್ರಾಹಿಂ ಬರೀ ಹಾಡುತ್ತಾ ಕೂಡಲಿಲ್ಲ. ಯುದ್ಧವನ್ನೂ ಮಾಡಿದನು. 1619ರಲ್ಲಿ ಬೀದರವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡನು. ಆದರೆ ಅವನ ಮನಸ್ಸು ಇದ್ದದ್ದು ನವರಸಪುರದಲ್ಲಿ. ನಾವು ಟಿಕೋಟಾ ದಾಟಿ ವಿಜಯಪುರಕ್ಕ ಹೋಗುವಾಗ ತೊರವಿ ಬರತೈತಲ್ಲ, ಅಲ್ಲೇ 1599ರಲ್ಲಿ ಆ ಹೊಸ ಪಟ್ಟಣ ಕಟ್ಟಿಸಲಿಕ್ಕೆ ಸುರು ಮಾಡಿದನು. ಆದರೆ 1624ರಲ್ಲಿ ಅಹಮದನಗರದ ಮಲಿಕ್ ಅಂಬರ ದಂಡು ತಂದು ಅದನ್ನು ಹಾಳು ಮಾಡಿದನು. ಮೂರು ವರ್ಷದ ನಂತರ, 1627ರಲ್ಲಿ ಇಬ್ರಾಹಿಂ ತೀರಿಕೊಂಡನು. ಅವನ ಗೋರಿ ವಿಜಯಪುರದ ಇಬ್ರಾಹಿಂ ರೋಜಾದಾಗ ಐತಿ. 1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದ ಮ್ಯಾಲೆ ಆದಿಲ್‌ಶಾಹಿ ರಾಜ್ಯವೇ ಮುಗೀತು.

ಈಗ ಆ ಚಿತ್ರಗಳು ಎಲ್ಲಿ ಅದಾವ ಗೊತ್ತೇನು? ಸರಸ್ವತಿ ಚಿತ್ರ ಜೈಪುರಕ್ಕೆ ಸೇರಿತು. ತಂಬೂರಿ ಬಾರಿಸುವ ಇಬ್ರಾಹಿಂ ಪ್ರಾಗ್ ನಗರದಲ್ಲಿದ್ದಾನೆ. ಯೋಗಿನಿ ಐರ್ಲೆಂಡಿನ ಡಬ್ಲಿನ್‌ದಾಗ ಇದ್ದಾಳ. ಹಾಳೆಯ ಮೇಲಿನ ಚಿತ್ರಗಳನ್ನು ಅವರು ಕೈ ಹಚ್ಚದೆ ಜೋಪಾನ ಮಾಡ್ಯಾರ. ನಮಗ ಉಳಿದದ್ದು ಕಲ್ಲಿನ ಗೋಡಿಗೋಳು ಮತ್ತು ತೊರವಿಯ ಮುರುಕು ಸಂಗೀತ ಮಹಲ.

ಇಲ್ಲಿ ನಾನು ಒಂದು ಖರೇ ಮಾತು ಹೇಳಬೇಕು. ಹೋದ ವರ್ಷ ಅವ್ವನ ಕೂಡ ತೊರವಿ ನರಸಿಂಹ ದೇವರಿಗೆ ಹೋಗಿದ್ದೆ. ಆವಾಗ ಸಂಗೀತ ಮಹಲದ ಗೋಡಿ ಮ್ಯಾಲೆ ಮೊಳೆಯಿಂದ ನನ್ನ ಹೆಸರು ಕೆತ್ತಿದೆ. ಅಲ್ಲಿ ಬಾಳ ಮಂದಿ ಹೆಸರು ಇದ್ದವು. ನಂದೂ ಒಂದು ಇರಲಿ ಅಂತ ಕೆತ್ತಿದೆ. ಆಗ ಅದು ಯಾರ ಮಹಲ ಅಂತ ನನಗ ಗೊತ್ತಿರಲಿಲ್ಲ. ಇದ್ದಿಲಿನಿಂದ ಬರೆದಿದ್ದರೆ ನೀರು ಹಾಕಿ ತೊಳೀತಿದ್ದೆ. ಕೆತ್ತಿದ್ದು ಹೋಗೂದಿಲ್ಲ. ಈಗ ಬಸ್ಸು ತೊರವಿ ದಾಟುವಾಗ ನನಗ ನಾಚಿಕಿ ಬರತೈತಿ. ನಾನು ತೆಗೆದ ಚಿತ್ರದ ಮ್ಯಾಲೆ ಯಾರಾದರೂ ಗೀಚಿದರೆ ನಾನು ಜಗಳಕ್ಕ ಹೋಗತೀನಿ. ಅಂಥಾದ್ದು ಚಿತ್ರ ಪ್ರೀತಿಸಿದ ಬಾದಶಹನ ಗೋಡಿ ಮ್ಯಾಲೆ ನಾನೇ ಗೀಚಿದೆ.

ಗೆಳೆಯರೇ, ಮುಂದಿನ ಪ್ರವಾಸದಾಗ ಯಾರೂ ಕಿಸೆದಾಗ ಮೊಳೆ ಒಯ್ಯಬ್ಯಾಡ್ರಿ. ಹಾಳಿ, ಪೆನ್ಸಿಲ್ ಒಯ್ಯೋಣ. ಕಮಾನು ನೋಡಿ ಚಿತ್ರ ತೆಗೆದು ತಂದು ಈ ಗೋಡೆ ಪತ್ರಿಕೆಗೆ ಹಚ್ಚೋಣ. ನನ್ನ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.

— ಏಳನೇ ತರಗತಿ ವಿದ್ಯಾರ್ಥಿ, ಕಳ್ಳಕವಟಗಿ