ನಿಕೊಲಾಯ್ ಇವಾನೊವಿಚ್ ವಾವಿಲೋವ್ (1887–1943): ಬೀಜ ಸಂಗ್ರಹ ಕಾರ್ಯದ ಮೂಲಪುರುಷರು

ಸಾಂಪ್ರದಾಯಿಕ ತಳಿಗಳ ನೋಂದಣಿ ಹಾಗೂ ಬೀಜ ಸಂರಕ್ಷಣೆಗೆ ಸಂಬಂಧಿಸಿದ ಸೇವೆಗಳನ್ನು ಕೋರುವ ರೈತ ಬಾಂಧವರಲ್ಲಿ ಅನೇಕರು, ಹಳೆಯ ತಳಿಯ ಬೀಜವನ್ನು ಸರ್ಕಾರವು ಏತಕ್ಕಾಗಿ ಕಾಪಾಡಬೇಕು ಎಂದು ಪ್ರಶ್ನಿಸುವುದುಂಟು. ಈ ಪ್ರಶ್ನೆಗೆ ತಮ್ಮ ಇಡೀ ಜೀವಮಾನವನ್ನು ಮುಡಿಪಾಗಿಟ್ಟ ರಷ್ಯಾ ದೇಶದ ಸಸ್ಯವಿಜ್ಞಾನಿ ವಾವಿಲೋವ್ ರವರ ಜೀವನ ವೃತ್ತಾಂತವನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ವಾವಿಲೋವ್ ರವರು 1887 ರ ನವೆಂಬರ್ 25 ರಂದು ಮಾಸ್ಕೋ ನಗರದಲ್ಲಿ ಜನಿಸಿದರು. ತಂದೆಯವರು ರೈತ ಮನೆತನದಿಂದ ಬಂದು ವ್ಯಾಪಾರದಲ್ಲಿ ಏಳಿಗೆ ಹೊಂದಿದವರು. ಮಾಸ್ಕೋ ಕೃಷಿ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸಿದ ವಾವಿಲೋವ್, 1913 ರಲ್ಲಿ ಇಂಗ್ಲೆಂಡಿಗೆ ತೆರಳಿ ವಿಲಿಯಂ ಬೇಟ್ಸನ್ ರವರ ಬಳಿ ತಳಿಶಾಸ್ತ್ರವನ್ನು ಅಭ್ಯಸಿಸಿದರು. 1917 ರಲ್ಲಿ ಸರಾಟೋವ್ ನಗರದಲ್ಲಿ ಪ್ರಾಧ್ಯಾಪಕರಾದರು. 1921 ರಲ್ಲಿ ವೋಲ್ಗಾ ನದಿ ಸೀಮೆಯು ಭೀಕರ ಕ್ಷಾಮಕ್ಕೆ ತುತ್ತಾಗಿ ಲಕ್ಷಾಂತರ ಜನರು ಮಡಿದರು. ಅದೇ ವರ್ಷ ಇವರು ಪೆಟ್ರೋಗ್ರಾಡ್ ನಗರಕ್ಕೆ ತೆರಳಿ, ಅನ್ವಯಿಕ ಸಸ್ಯಶಾಸ್ತ್ರ ವಿಭಾಗದ ಹೊಣೆಯನ್ನು ವಹಿಸಿಕೊಂಡರು. ಈ ನಗರವೇ 1924 ರಿಂದ ಲೆನಿನ್‌ಗ್ರಾಡ್ ಎನಿಸಿತು.

ಬರ, ಚಳಿ ಮತ್ತು ರೋಗಗಳನ್ನು ತಾಳಿಕೊಳ್ಳುವ ಗುಣಗಳು ರೈತರು ತಲೆತಲಾಂತರದಿಂದ ಬೆಳೆದು ಉಳಿಸಿಕೊಂಡು ಬಂದ ನಾಡತಳಿಗಳಲ್ಲಿ ಹಂಚಿಹೋಗಿವೆ ಎಂಬುದು ಇವರ ದೃಢ ಅಭಿಪ್ರಾಯವಾಗಿತ್ತು. ಅವು ಅಳಿಯುವ ಮುನ್ನ ಸಂಗ್ರಹಿಸಬೇಕೆಂದು 1916 ರಲ್ಲಿ ಇರಾನ್ ಮತ್ತು ಪಾಮೀರ್ ಪ್ರದೇಶಗಳಲ್ಲಿ, 1924 ರಲ್ಲಿ ಅಫ್ಘಾನಿಸ್ತಾನದಲ್ಲಿ, ತದನಂತರ ಮೆಡಿಟರೇನಿಯನ್ ದೇಶಗಳು, ಅಬಿಸೀನಿಯಾ, ಚೀನಾ, ಜಪಾನ್ ಹಾಗೂ ಅಮೆರಿಕ ಖಂಡಗಳಲ್ಲಿ ಸಂಚರಿಸಿದರು. 1940 ರ ವೇಳೆಗೆ ಸಂಸ್ಥೆಯಲ್ಲಿ ಎರಡು ಲಕ್ಷಕ್ಕೂ ಮಿಗಿಲಾದ ಮಾದರಿಗಳು ಶೇಖರವಾಗಿದ್ದವು. ದಾಸ್ತಾನು ವಹಿ ನಿರ್ವಹಿಸಿದ ಅನುಭವವುಳ್ಳವರಿಗೆ ಈ ಕೆಲಸದ ಭಾರ ಅರ್ಥವಾದೀತು. ಪ್ರತಿಯೊಂದು ಪೊಟ್ಟಣಕ್ಕೂ ಸಂಖ್ಯೆ ಬೇಕು, ಬೆಳೆದ ಊರು ನಮೂದಾಗಬೇಕು. ಮೇಲಾಗಿ, ಬೀಜವು ಕಪಾಟಿನಲ್ಲಿ ಇಟ್ಟಷ್ಟು ಕಾಲ ಜೀವಂತವಾಗಿ ಉಳಿಯತಕ್ಕದ್ದಲ್ಲ. ಅವಧಿ ಮೀರುವ ಮುನ್ನ ಬಿತ್ತಿ ಹೊಸ ಬೀಜ ತೆಗೆಯದಿದ್ದಲ್ಲಿ ಬಡ್ಡಿಯಿರಲಿ, ಅಸಲೇ ನಷ್ಟವಾಗುವ ಠೇವಣಿ ಇದು.

ಒಂದು ಬೆಳೆಯ ವೈವಿಧ್ಯವು ಎಲ್ಲಿ ಅತ್ಯಧಿಕವಾಗಿರುವುದೋ ಆ ಪ್ರದೇಶವನ್ನೇ ಅದರ ಉಗಮ ಕೇಂದ್ರವೆಂದು ಭಾವಿಸಬಹುದೆಂದು ಇವರು 1926 ರಲ್ಲಿ ಪ್ರತಿಪಾದಿಸಿದರು. ಮುಂದಿನ ಸಂಶೋಧನೆಗಳು ಇದಕ್ಕೆ ಕೆಲವು ತಿದ್ದುಪಡಿಗಳನ್ನು ಸೂಚಿಸಿವೆಯಾದರೂ, ಎಲ್ಲಿ ಹುಡುಕಬೇಕೆಂಬುದಕ್ಕೆ ಇಂದಿಗೂ ಇದು ದಾರಿದೀಪವಾಗಿದೆ. ಇವರ ಪಟ್ಟಿಯಲ್ಲಿ ಭತ್ತ, ಬದನೆ, ಮಾವು ಭಾರತ ಕೇಂದ್ರಕ್ಕೆ ಸೇರಿದ್ದರೆ, ನಮ್ಮ ರಾಗಿಯು ಅಬಿಸೀನಿಯಾ ಕೇಂದ್ರಕ್ಕೆ ಸೇರಿದೆ. ಮುಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಶ್ರೀ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಾಡ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಹೊರತಂದು ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದ್ದನ್ನು ಓದುಗರು ಬಲ್ಲರು.

ಇಷ್ಟಾದರೂ ಸ್ವದೇಶದಲ್ಲಿ ಇವರಿಗೆ ನ್ಯಾಯ ದೊರೆಯಲಿಲ್ಲ. ತಳಿಶಾಸ್ತ್ರವನ್ನೇ ಅಲ್ಲಗಳೆದು, ಶೀಘ್ರ ಫಲದ ಭರವಸೆ ನೀಡಿದ ಲೈಸೆಂಕೊ ಎಂಬುವವರಿಗೆ ಸ್ಟಾಲಿನ್ ಸರ್ಕಾರದ ಬೆಂಬಲ ದೊರೆಯಿತು. 1940 ರ ಆಗಸ್ಟ್ 6 ರಂದು ಪಶ್ಚಿಮ ಉಕ್ರೇನ್‌ನಲ್ಲಿ ಸಸ್ಯ ಸಂಗ್ರಹ ಕಾರ್ಯದಲ್ಲಿದ್ದಾಗಲೇ ವಾವಿಲೋವ್ ರವರನ್ನು ಬಂಧಿಸಲಾಯಿತು. 1941 ರ ಜುಲೈನಲ್ಲಿ ಮರಣದಂಡನೆ ವಿಧಿಸಿ, ಮರುವರ್ಷ ಅದನ್ನು 20 ವರ್ಷಗಳ ಸೆರೆವಾಸಕ್ಕೆ ಇಳಿಸಲಾಯಿತು. 1943 ರ ಜನವರಿ 26 ರಂದು, ತಾವು ಒಮ್ಮೆ ಪಾಠ ಹೇಳಿದ ಸರಾಟೋವ್ ನಗರದ ಸೆರೆಮನೆಯಲ್ಲಿ, ಸರಿಯಾದ ಆಹಾರವಿಲ್ಲದೆ ಸೊರಗಿ ನಿಧನರಾದರು. ಆಗ ಅವರಿಗೆ 55 ವರ್ಷ ವಯಸ್ಸು.

ಇತ್ತ 1941 ರ ಸೆಪ್ಟೆಂಬರ್‌ನಿಂದ ಜರ್ಮನ್ ಸೇನೆಯು ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಹಾಕಿತ್ತು. ನಗರದಲ್ಲಿ ಜನರು ಹಸಿವಿನಿಂದ ಸಾಯುತ್ತಿರಲು, ಸಂಸ್ಥೆಯ ಸಿಬ್ಬಂದಿ ಚಳಿಯಿಂದಲೂ ಇಲಿಗಳಿಂದಲೂ ಬೀಜಗಳನ್ನು ಕಾಯುತ್ತಿದ್ದರು. ಭತ್ತದ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೋವ್, ಕಡಲೆಕಾಯಿ ವಿಭಾಗದ ಅಲೆಕ್ಸಾಂಡರ್ ಶ್ಚುಕಿನ್ ಮೊದಲಾದವರು ತಮ್ಮ ವಶದಲ್ಲಿದ್ದ ಧಾನ್ಯವನ್ನು ಮುಟ್ಟದೆ ಹಸಿವಿನಿಂದಲೇ ಪ್ರಾಣಬಿಟ್ಟರು. ಸಂಗ್ರಹದ ಬಹುಭಾಗವು ಉಳಿಯಿತು.

1955 ರಲ್ಲಿ ವಾವಿಲೋವ್ ರವರ ಮೇಲಿನ ಆರೋಪಗಳನ್ನು ರದ್ದುಪಡಿಸಲಾಯಿತು. ತರುವಾಯ ಸದರಿ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು.

ನಮ್ಮ ದೇಶದಲ್ಲಿ ಈ ಕಾರ್ಯವನ್ನು ನವದೆಹಲಿಯಲ್ಲಿ 1976 ರಲ್ಲಿ ಆರಂಭಗೊಂಡ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ನಿರ್ವಹಿಸುತ್ತಿದೆ. ಇಲ್ಲಿನ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣಗಳಲ್ಲಿ ಮುಚ್ಚಿ, ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣಾಂಶದಲ್ಲಿ ಇಡಲಾಗುತ್ತದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಮಾದರಿಗಳು ಇಲ್ಲಿವೆ. ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001 ರ ಅನ್ವಯ ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲು ಅವಕಾಶವಿದ್ದು, ಇದಕ್ಕಾಗಿ ರೈತರು ಯಾವುದೇ ಶುಲ್ಕ ಪಾವತಿಸಬೇಕಾಗಿರುವುದಿಲ್ಲ.