ಹೆರ್ನ್‌ಹುಟ್ ಗ್ರಾಮದ ಸಿನ್ಸೆಂಡೋರ್ಫ್ ಪ್ರಭು



ಸಭೆಯು ಹೊರಗಿನವರ ಹಿಂಸೆಯಿಂದ ಕೆಡುವದಕ್ಕಿಂತಲೂ ಒಳಗಿನವರ ಜಗಳದಿಂದ ಕೆಡುವದೇ ಹೆಚ್ಚು. ಕ್ರಿಸ್ತನ ನಿಮಿತ್ತ ಮನೆಮಾರು ಬಂಧುಬಳಗಗಳನ್ನು ಬಿಟ್ಟು ಬಂದವರೇ ದೇವಾಲಯದಲ್ಲಿ ಕುಳಿತುಕೊಳ್ಳುವ ಸ್ಥಳಕ್ಕಾಗಿ, ಬಾವಿಯ ನೀರಿಗಾಗಿ, ಎಂದೋ ಆಡಿದ ಒಂದು ಕಟುನುಡಿಗಾಗಿ, ವರುಷಗಟ್ಟಲೆ ಒಬ್ಬರ ಮುಖವನ್ನೊಬ್ಬರು ನೋಡದೆ ಇರುವದುಂಟು. ಭಾನುವಾರ ಒಂದೇ ಪಾತ್ರೆಯಿಂದ ಕರ್ತನ ರಾತ್ರಿಭೋಜನವನ್ನು ತೆಗೆದುಕೊಂಡವರು ಸೋಮವಾರ ಬೇರೆ ಬೇರೆ ದಾರಿ ಹಿಡಿದು ಹೊಲಕ್ಕೆ ಹೋಗುವದುಂಟು. ಈ ರೋಗವು ನಮ್ಮ ಹಳ್ಳಿಗಳಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಸುಮಾರು ಮುನ್ನೂರು ವರುಷಗಳ ಹಿಂದೆ ಜರ್ಮನಿಯ ಒಂದು ಚಿಕ್ಕ ಗ್ರಾಮವು ಇದರಿಂದಲೇ ನಾಶವಾಗುವದಕ್ಕೆ ಬಂದಿತ್ತು. ಆ ಗ್ರಾಮದ ಜಹಗೀರುದಾರರಾಗಿದ್ದ ಸಿನ್ಸೆಂಡೋರ್ಫ್ ಪ್ರಭುಗಳ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ನಿಕೊಲಾಸ್ ಲುದ್ವಿಗ್ ಸಿನ್ಸೆಂಡೋರ್ಫ್ ಎಂಬ ಇವರು 1700ನೆಯ ಇಸವಿ ಮೇ 26ರಂದು ಸಾಕ್ಸನಿ ಸೀಮೆಯ ರಾಜಧಾನಿಯಾದ ಡ್ರೆಸ್ಡೆನ್ ಪಟ್ಟಣದಲ್ಲಿ ಹುಟ್ಟಿದರು. ಅವರದು ದೊಡ್ಡ ಮನೆತನ. ಮಗುವಿಗೆ ಎರಡು ತಿಂಗಳು ತುಂಬುವದಕ್ಕೆ ಮುಂಚೆಯೇ ತಂದೆ ತೀರಿಹೋದರು. ಕೆಲವು ವರುಷಗಳಾದ ಮೇಲೆ ತಾಯಿ ಎರಡನೆಯ ಮದುವೆಯಾಗಿ ಬೇರೆ ಊರಿಗೆ ಹೋದದ್ದರಿಂದ ಅಜ್ಜಿಯೇ ಅವರನ್ನು ಸಾಕಿ ಬೆಳೆಸಿದರು. ಈ ಅಜ್ಜಿಯವರು ಬಹು ಭಕ್ತಿವಂತರು. ಸತ್ಯವೇದವನ್ನು ಮೂಲಭಾಷೆಗಳಲ್ಲಿಯೇ ಓದಬಲ್ಲವರು. ಅವರ ಬಳಿಯಲ್ಲಿ ಬೆಳೆದ ಹುಡುಗನು ಯೇಸುವನ್ನು ದೂರದ ದೇವರೆಂದು ಎಣಿಸದೆ ಮನೆಯಲ್ಲಿರುವ ಅಣ್ಣನೆಂದು ಎಣಿಸಿ ಮಾತಾಡುತ್ತಿದ್ದನು. ಆತನಿಗೆ ಕಾಗದಗಳನ್ನು ಬರೆದು ಕಿಟಕಿಯಿಂದ ಹೊರಗೆ ಹಾಕುತ್ತಿದ್ದನೆಂದು ಹೇಳುತ್ತಾರೆ.

ಹತ್ತನೆಯ ವರುಷದಲ್ಲಿ ಅವರನ್ನು ಹಾಲೆ ಪಟ್ಟಣದ ಪಾಠಶಾಲೆಗೆ ಕಳುಹಿಸಿದರು. ಅನಾಥರ ತಂದೆಯೆನಿಸಿದ ಫ್ರಾಂಕೆ ಅಯ್ಯನವರು ಅದನ್ನು ನಡಿಸುತ್ತಿದ್ದರು. 1706ರಲ್ಲಿ ತಮಿಳು ನಾಡಿನ ತರಂಗಂಬಾಡಿಗೆ ಬಂದ ಚೀಗನ್‌ಬಾಲ್ಗ್ ಮೊದಲಾದ ಮಿಶನರಿಗಳು ಅಲ್ಲಿಂದಲೇ ಸಹಾಯ ಪಡೆಯುತ್ತಿದ್ದರು. ಫ್ರಾಂಕೆಯವರ ಊಟದ ಮೇಜಿನ ಬಳಿಯಲ್ಲಿ ಕುಳಿತು ಬಾಲಕನು ನಮ್ಮ ಹಿಂದುಸ್ಥಾನದ ಸುದ್ದಿಯನ್ನು ಕೇಳಿದನು. ಯಾರೂ ಹೋಗದ ಜನರ ಬಳಿಗೆ ಸುವಾರ್ತೆ ಮುಟ್ಟಬೇಕೆಂದು ಅವನೂ ಅವನ ಗೆಳೆಯರೂ ಆ ಎಳೆಯ ಪ್ರಾಯದಲ್ಲಿಯೇ ಒಂದು ಒಡಂಬಡಿಕೆ ಮಾಡಿಕೊಂಡರು.

ಆದರೆ ಪ್ರಭುಗಳ ಮಗನು ಬೋಧಕನಾಗುವದು ಕುಲಕ್ಕೆ ಕುಂದೆಂದು ಬಂಧುಗಳು ಎಣಿಸಿದರು. ಆದಕಾರಣ ಅವರು ವಿಟ್ಟೆನ್‌ಬೆರ್ಗಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತರು. 1719ರಲ್ಲಿ ದೇಶಸಂಚಾರ ಮಾಡುವಾಗ ಡ್ಯುಸೆಲ್ಡೋರ್ಫ್ ಪಟ್ಟಣದಲ್ಲಿ ಮುಳ್ಳಿನ ಕಿರೀಟ ಧರಿಸಿದ ಕರ್ತನ ಚಿತ್ರವನ್ನು ನೋಡಿದರು. ಕರ್ತನು ತನಗೋಸ್ಕರ ಪಟ್ಟದ್ದಕ್ಕೆ ನೋಡುವವನು ಬದಲೇನು ಮಾಡಿದನೆಂದು ಕೇಳುವ ಬರಹವು ಅದರ ಕೆಳಗಿತ್ತು. ಆ ಪ್ರಶ್ನೆಗೆ ಉತ್ತರ ಕೊಡಲಾರದೆ ಅವರು ತಮ್ಮನ್ನು ಆತನಿಗೆ ಪುನಃ ಒಪ್ಪಿಸಿಕೊಟ್ಟರು. ಆಮೇಲೆ ಡ್ರೆಸ್ಡೆನಿನಲ್ಲಿ ಸರಕಾರದ ಉದ್ಯೋಗಕ್ಕೆ ಸೇರಿ, 1722ರಲ್ಲಿ ಅಜ್ಜಿಯವರಿಂದ ಬೆರ್ಟೆಲ್ಸ್‌ಡೋರ್ಫ್ ಎಂಬ ಗ್ರಾಮವನ್ನು ಕೊಂಡುಕೊಂಡು, ಅಲ್ಲಿಗೆ ರೋಥೆ ಎಂಬ ಭಕ್ತರನ್ನು ಸಭಾಪಾಲಕರನ್ನಾಗಿ ನೇಮಿಸಿದರು. ಅದೇ ವರುಷ ಎರ್ಡ್ಮೂತೆ ಡೊರೊತೇಯ ಎಂಬ ಭಕ್ತಿವಂತೆಯನ್ನು ಮದುವೆಯಾದರು.

ಇಲ್ಲಿ ಮತ್ತೊಂದು ಜನರ ವೃತ್ತಾಂತವನ್ನು ಹೇಳಬೇಕಾಗಿದೆ. ಬೊಹೇಮಿಯ, ಮೊರಾವಿಯ ಸೀಮೆಗಳಲ್ಲಿ ಯಾನ್ ಹುಸ್ ಎಂಬ ಬೋಧಕರು ಸತ್ಯವನ್ನು ಸಾರಿ 1415ರಲ್ಲಿ ಬೆಂಕಿಯಲ್ಲಿ ಸುಡಲ್ಪಟ್ಟರು. ಅವರ ಮಾರ್ಗವನ್ನು ಹಿಡಿದವರು 1457ರಲ್ಲಿ ಸಹೋದರರ ಸಭೆಯನ್ನು ಕಟ್ಟಿದರು. 1620ರ ಯುದ್ಧದಲ್ಲಿ ಅವರ ಪಕ್ಷವು ಸೋತ ಮೇಲೆ ದೇವಾಲಯಗಳು ಮುಚ್ಚಲ್ಪಟ್ಟವು, ಪುಸ್ತಕಗಳು ಸುಡಲ್ಪಟ್ಟವು, ಉಳಿದವರು ಮನೆಯೊಳಗೆ ಗುಟ್ಟಾಗಿ ಪ್ರಾರ್ಥಿಸುತ್ತ ನೂರು ವರುಷ ಕಾದುಕೊಂಡಿದ್ದರು. ಕ್ರಿಸ್ಟಿಯಾನ್ ದಾವಿದ್ ಎಂಬ ಬಡಗಿಯು ಇಂಥವರಿಗೆ ಆಶ್ರಯ ಹುಡುಕುತ್ತ ಸಿನ್ಸೆಂಡೋರ್ಫರ ಬಳಿಗೆ ಬಂದನು. ಅವರು ತಮ್ಮ ಭೂಮಿಯಲ್ಲಿ ಸ್ಥಳ ಕೊಡಲು ಒಪ್ಪಿದರು. ಆಗ ನೈಸ್ಸರ್ ಮನೆತನದ ಅಣ್ಣತಮ್ಮಂದಿರು ಹೆಂಡಿರು ಮಕ್ಕಳೊಡನೆ ರಾತ್ರಿಯಲ್ಲಿ ಊರು ಬಿಟ್ಟು, ಆಸ್ತಿಯನ್ನೆಲ್ಲಾ ಹಿಂದೆ ಬಿಟ್ಟು, ಬೆಟ್ಟಗಳನ್ನು ದಾಟಿ ಬಂದರು. 1722ನೆಯ ಇಸವಿ ಜೂನ್ 17ರಂದು ದಾವಿದನು ಮೊದಲನೆಯ ಮರಕ್ಕೆ ಕೊಡಲಿ ಹಾಕಿದನು. ಹಾಗೆ ಕಟ್ಟಿದ ಊರಿಗೆ ಹೆರ್ನ್‌ಹುಟ್ ಎಂದು ಹೆಸರಾಯಿತು. ಕರ್ತನ ಕಾವಲು ಎಂದು ಅದರ ಅರ್ಥ.

ಐದು ವರುಷಗಳೊಳಗೆ ಅಲ್ಲಿ ಸುಮಾರು 300 ಮಂದಿ ಸೇರಿದರು. ಮೊರಾವಿಯದಿಂದ ಓಡಿಬಂದವರಲ್ಲದೆ ಲೂಥರನ ಸಭೆಯವರೂ ಬೇರೆ ಬೇರೆ ಪಂಗಡದವರೂ ಬಂದರು. ಎಲ್ಲರೂ ಕ್ರಿಸ್ತನಿಗೋಸ್ಕರ ಏನನ್ನಾದರೂ ಬಿಟ್ಟು ಬಂದವರೇ. ಆದರೆ ಆಸ್ತಿಯನ್ನು ಬಿಟ್ಟವರು ತಮ್ಮ ಹಟವನ್ನು ಬಿಟ್ಟಿರಲಿಲ್ಲ. ಆರಾಧನೆಯ ಕ್ರಮ ಯಾರದು ಸರಿ, ರಾತ್ರಿಭೋಜನವನ್ನು ಯಾರ ರೀತಿಯಲ್ಲಿ ನಡಿಸಬೇಕು ಎಂದು ವಾದ ಹುಟ್ಟಿತು. 1726ರಲ್ಲಿ ಕ್ರ್ಯೂಗರ್ ಎಂಬವನು ಬಂದು, ಸಿನ್ಸೆಂಡೋರ್ಫರೇ ಪ್ರಕಟನೆಯ ಪುಸ್ತಕದಲ್ಲಿ ಹೇಳಿರುವ ಮೃಗವೆಂದೂ ರೋಥೆಯವರು ಸುಳ್ಳು ಪ್ರವಾದಿಯೆಂದೂ ಸಾರಿದನು. ಅವನು ಸ್ವಲ್ಪ ಕಾಲದಲ್ಲಿಯೇ ಬುದ್ಧಿ ಕೆಟ್ಟು ಊರು ಬಿಟ್ಟು ಹೋದರೂ ಅವನು ಬಿತ್ತಿದ ಕಳೆಯು ಉಳಿಯಿತು. ಮೊದಲನೆಯ ಮರವನ್ನು ಕಡಿದ ದಾವಿದನೇ ಅವನ ಮಾತನ್ನು ನಂಬಿ ಊರ ಹೊರಗೆ ಬೇರೆ ಗುಡಿಸಲು ಹಾಕಿಕೊಂಡನು.

ಈಗ ಜಹಗೀರುದಾರರು ಏನು ಮಾಡಬಹುದಾಗಿತ್ತು? ಭೂಮಿ ಅವರದು, ಅಧಿಕಾರ ಅವರದು. ತಮ್ಮ ಅನ್ನ ತಿಂದು ತಮ್ಮನ್ನೇ ಮೃಗವೆಂದು ಹಳಿದವರನ್ನು ಒಂದೇ ಅಪ್ಪಣೆಯಿಂದ ಹೊರಗೆ ಹಾಕಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1727ರಲ್ಲಿ ಸರಕಾರದ ಉದ್ಯೋಗದಿಂದ ರಜೆ ಪಡೆದು ಹೆರ್ನ್‌ಹುಟ್ಟಿಗೆ ಬಂದು ಆ ಜನರ ನಡುವೆಯೇ ವಾಸಮಾಡಿದರು. ಮನೆಮನೆಗೆ ಹೋಗಿ ಪ್ರತಿಯೊಬ್ಬನ ದೂರನ್ನು ಕೇಳಿದರು. ಬೈದವರ ಮನೆಗೂ ಹೋದರು. ನೇಕಾರನ ಮಗ್ಗದ ಬಳಿಯಲ್ಲಿ, ಬಡಗಿಯ ಕೊಟ್ಟಿಗೆಯಲ್ಲಿ ಕುಳಿತು ಸತ್ಯವೇದವನ್ನು ತೆರೆದು ಮಾತಾಡಿದರು. ವಾದದಲ್ಲಿ ಗೆಲ್ಲಬೇಕೆಂದಲ್ಲ, ಸಹೋದರನನ್ನು ಗೆಲ್ಲಬೇಕೆಂದೇ ಅವರು ಹೋದರು.

ಮೇ 12ರಂದು ಎಲ್ಲರನ್ನೂ ಕೂಡಿಸಿ ಸಭೆ ಒಡೆಯುವ ಪಾಪವನ್ನು ಕುರಿತು ಸುಮಾರು ಮೂರು ತಾಸು ಬೋಧಿಸಿ, ಸಹೋದರರ ಒಡಂಬಡಿಕೆಯನ್ನು ಓದಿಸಿದರು. ಬೇರೆ ಪಂಗಡಗಳಲ್ಲಿರುವ ದೇವರ ಮಕ್ಕಳೊಡನೆ ಪ್ರೀತಿಯಿಂದಿರಬೇಕು, ಪ್ರತಿಯೊಬ್ಬನು ಕೈಕೆಲಸದಿಂದ ಬದುಕಬೇಕು, ದುಡಿಯಲಾರದವರನ್ನು ಸಭೆ ನೋಡಿಕೊಳ್ಳಬೇಕು ಎಂಬ ಕ್ರಮಗಳು ಅದರಲ್ಲಿದ್ದವು. ಒಬ್ಬೊಬ್ಬರಾಗಿ ಮುಂದೆ ಬಂದು ಕೈಗೆ ಕೈ ಕೊಟ್ಟು ಒಪ್ಪಿದರು. ಹನ್ನೆರಡು ಮಂದಿ ಹಿರಿಯರನ್ನು ಆರಿಸಿದಾಗ, ಊರ ಹೊರಗೆ ಹೋಗಿದ್ದ ದಾವಿದನೇ ಅವರಲ್ಲಿ ಒಬ್ಬನಾದನು. ತಪ್ಪಿ ಹೋದವನು ತಿರುಗಿ ಬಂದರೆ ಹಿಂದಿನ ಸಾಲಿನಲ್ಲಿಯೇ ಕೂರಬೇಕೆಂಬ ನಿಯಮ ಅಲ್ಲಿರಲಿಲ್ಲ.

ಆದರೆ ಕಾಗದಕ್ಕೆ ರುಜು ಹಾಕಿದ ಮಾತ್ರಕ್ಕೆ ಹೃದಯವು ಕರಗುವದಿಲ್ಲ. ಇದನ್ನು ತಿಳಿದು ಇಬ್ಬರು ಮೂವರು ಸೇರಿ ಚಿಕ್ಕ ಗುಂಪುಗಳನ್ನು ಮಾಡಿಕೊಂಡು, ತಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಂಡು ಪ್ರಾರ್ಥಿಸತೊಡಗಿದರು. ಮೂರು ತಿಂಗಳು ಹೀಗೆ ನಡೆಯಿತು. ಆಗಸ್ಟ್ 13ರಂದು ಬುಧವಾರ ಎಲ್ಲರೂ ಬೆರ್ಟೆಲ್ಸ್‌ಡೋರ್ಫ್ ದೇವಾಲಯಕ್ಕೆ ನಡೆದುಕೊಂಡು ಹೋದರು. ದಾರಿಯಲ್ಲಿಯೇ ಮುನಿದವರು ಮಾತಾಡಿಕೊಂಡರು. ದೇವಾಲಯದಲ್ಲಿ ಪಾಪನಿವೇದನೆ ಮಾಡುವಾಗ ಅಳುವಿನ ದನಿಯು ಹಾಡಿನ ದನಿಯೊಡನೆ ಬೆರೆಯಿತು. ರಾತ್ರಿಭೋಜನದಲ್ಲಿ ಪವಿತ್ರಾತ್ಮನು ಅವರನ್ನು ಒಂದೇ ಶರೀರವಾಗಿ ಮಾಡಿದನು. ಆರಾಧನೆ ಮುಗಿದ ಮೇಲೆ ಜನರು ಅಗಲಲಾರದೆ ಗುಂಪುಗುಂಪಾಗಿ ಮನೆಗಳಲ್ಲಿ ಮಾತಾಡುತ್ತ ನಿಂತರು. ಪ್ರಭುಗಳು ಇದನ್ನು ನೋಡಿ, ಅವರು ಊಟಕ್ಕಾಗಿ ಚದರಿ ಹೋಗದಂತೆ ತಮ್ಮ ಅಡಿಗೆಮನೆಯಿಂದಲೇ ಆಹಾರವನ್ನು ಕಳುಹಿಸಿದರು. ಆ ಸಭೆಯಲ್ಲಿ ನಡೆದುಬಂದ ಪ್ರೀತಿಭೋಜನಕ್ಕೆ ಇದೇ ಮೊದಲು.

ಅದೇ ತಿಂಗಳ 27ರಿಂದ 24 ಮಂದಿ ಗಂಡಸರೂ 24 ಮಂದಿ ಹೆಂಗಸರೂ ಹಗಲಿರುಳಿನ ತಾಸುಗಳನ್ನು ಹಂಚಿಕೊಂಡು ಪ್ರಾರ್ಥಿಸತೊಡಗಿದರು. ಈ ಪ್ರಾರ್ಥನೆಯ ಸರಪಣಿಯು ನೂರು ವರುಷಕ್ಕಿಂತಲೂ ಹೆಚ್ಚು ಕಾಲ ನಡೆಯಿತು. 1728ನೆಯ ಮೇ 3ರಿಂದ ದಿನಕ್ಕೊಂದು ವಚನವನ್ನು ಮನೆಮನೆಗೆ ಮುಟ್ಟಿಸುವ ಪದ್ಧತಿ ಹುಟ್ಟಿತು. ವಚನ ತರುವವನು ಆ ಮನೆಯವರ ಕ್ಷೇಮವನ್ನೂ ವಿಚಾರಿಸುತ್ತಿದ್ದನು. 1731ರಿಂದ ಈ ವಚನಗಳು ವರುಷವರುಷವೂ ಅಚ್ಚಾಗಿ, ಇಂದು ಅನೇಕ ಭಾಷೆಗಳಲ್ಲಿ ಓದಲ್ಪಡುತ್ತವೆ. ಸಭೆಯಲ್ಲಿ ಮನೆತನವನ್ನು ನೋಡಿ ಸ್ಥಾನ ಕೊಡುತ್ತಿರಲಿಲ್ಲ. ಕುರಿ ಕಾಯುತ್ತಿದ್ದ ಬಡ ಹುಡುಗಿಯಾದ ಅನ್ನಾ ನಿಚ್‌ಮನ್ ಎಂಬವಳು 1730ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿಯೇ, ಸ್ತ್ರೀಯರ ಹಿರಿಯಳಾಗಿ ಆರಿಸಲ್ಪಟ್ಟಳು.

ಒಳಗೆ ಹೊತ್ತಿದ ದೀಪದ ಬೆಳಕು ಹೊರಗೂ ಹರಿಯಿತು. 1731ರಲ್ಲಿ ಸಿನ್ಸೆಂಡೋರ್ಫರು ಡೆನ್ಮಾರ್ಕಿನ ರಾಜನ ಪಟ್ಟಾಭಿಷೇಕಕ್ಕೆ ಹೋದಾಗ ಆಂಟೋನ್ ಎಂಬ ಕಪ್ಪು ಜನಾಂಗದ ಸೇವಕನನ್ನು ಕಂಡರು. ವೆಸ್ಟ್ ಇಂಡೀಸ್ ದ್ವೀಪವಾದ ಸೇಂಟ್ ತೋಮಸಿನಲ್ಲಿ ಗುಲಾಮರಾಗಿ ನರಳುತ್ತಿದ್ದ ತನ್ನ ಬಂಧುಗಳಿಗೆ ಸುವಾರ್ತೆ ಹೇಳುವವರಿಲ್ಲವೆಂದು ಅವನು ತಿಳಿಸಿದನು. ಅದನ್ನು ಕೇಳಿ 1732ನೆಯ ಆಗಸ್ಟ್ 21ರಂದು ಕುಂಬಾರನಾದ ಡೋಬರನೂ ಬಡಗಿಯಾದ ದಾವಿದ್ ನಿಚ್‌ಮನ್ನನೂ ಹೆರ್ನ್‌ಹುಟ್ಟಿನಿಂದ ಹೊರಟರು. ಮರು ವರುಷ ಮೂವರು ಹಿಮದ ದೇಶವಾದ ಗ್ರೀನ್ಲೆಂಡಿಗೆ ಹೋದರು. ಅವರಲ್ಲಿ ನಮ್ಮ ಬಡಗಿ ಕ್ರಿಸ್ಟಿಯಾನ್ ದಾವಿದನೂ ಇದ್ದನು. ಜ್ವರದಿಂದ ಅನೇಕರು ಸತ್ತರೂ ಅವರ ಸ್ಥಳಕ್ಕೆ ಬೇರೆಯವರು ಹೊರಟರು. 1760ರಲ್ಲಿ ಈ ಸಹೋದರರು ತರಂಗಂಬಾಡಿಗೂ ಬಂದರು. ಮುಂದಿನ ಶತಮಾನದಲ್ಲಿ ಹಿಮಾಲಯದ ಲಾಹೌಲ್, ಲಡಾಖ್ ಸೀಮೆಗಳನ್ನೂ ಮುಟ್ಟಿದರು.

ಶತ್ರುಗಳ ದೂರಿನಿಂದ 1736ರಲ್ಲಿ ಸಿನ್ಸೆಂಡೋರ್ಫರನ್ನು ಸ್ವದೇಶದಿಂದ ಹೊರಡಿಸಿದರು. ಹನ್ನೊಂದು ವರುಷಗಳ ಮೇಲೆಯೇ ತಿರುಗಿ ಬರಲು ಅಪ್ಪಣೆಯಾಯಿತು. 1737ರಲ್ಲಿ ಅವರು ಸಹೋದರರ ಸಭೆಯ ಬಿಷಪರಾದರು. 1739ರಲ್ಲಿ ಸೇಂಟ್ ತೋಮಸಿಗೆ ಹೋಗಿ, ಸೆರೆಯಲ್ಲಿದ್ದ ಮಿಶನರಿಗಳನ್ನು ಬಿಡಿಸಿದರು.

ಅವರಲ್ಲಿ ಕುಂದುಗಳಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಗುಲಾಮರ ಆತ್ಮಗಳನ್ನು ಪ್ರೀತಿಸಿದ ಅವರು ಗುಲಾಮಗಿರಿಯೇ ಅನ್ಯಾಯವೆಂದು ಸಾರಲಿಲ್ಲ. ಯಜಮಾನರಿಗೆ ಅಧೀನರಾಗಿರಬೇಕೆಂದೇ ಬೋಧಿಸಿದರು. ಆ ದ್ವೀಪದಲ್ಲಿ ಸಹೋದರರ ತೋಟದಲ್ಲಿಯೂ ಗುಲಾಮರು ದುಡಿದರು. 1740ರ ನಂತರದ ಕೆಲವು ವರುಷಗಳಲ್ಲಿ ಸಭೆಯೊಳಗೆ ಮಿತಿಮೀರಿದ ಭಾವೋದ್ರೇಕವೂ ಹುಡುಗಾಟದ ಮಾತೂ ಹೆಚ್ಚಿದವು. ಅದರಲ್ಲಿ ಅವರ ಮಗನೇ ಮುಂದಾಗಿದ್ದನು. 1749ರಲ್ಲಿ ಪ್ರಭುಗಳು ಅದನ್ನು ಕಠಿಣವಾಗಿ ಖಂಡಿಸಿ, ತಮ್ಮ ಮಾತುಗಳೂ ಅದಕ್ಕೆ ಕಾರಣವಾದವೆಂದು ಒಪ್ಪಿಕೊಂಡರು. ಮಗನು 1752ರಲ್ಲಿ ತೀರಿಹೋದನು. ಅವರು ಊರೂರು ತಿರುಗುತ್ತಿರುವಾಗ ಮನೆಯನ್ನೂ ಸಾಲದ ಲೆಕ್ಕವನ್ನೂ ಹೊತ್ತುಕೊಂಡಿದ್ದ ಪತ್ನಿ 1756ರಲ್ಲಿ ತೀರಿಹೋದರು. ಲೋಕವನ್ನೆಲ್ಲಾ ಸಂಧಿಸಿದವರು ಮನೆಯಲ್ಲಿದ್ದವಳ ಸಂಗಡ ಸಾಕಷ್ಟು ಕೂರಲಿಲ್ಲವೆಂಬ ದುಃಖವು ಅವರನ್ನು ಬಹಳ ಬಾಧಿಸಿತು. ಮರು ವರುಷ ಅನ್ನಾ ನಿಚ್‌ಮನ್ನಳನ್ನು ಮದುವೆಯಾದರು. ಪ್ರಭುಗಳು ಕುರಿ ಕಾಯುವವಳನ್ನು ಮದುವೆಯಾದದ್ದನ್ನು ಕುಲೀನರು ಮೆಚ್ಚಲಿಲ್ಲ. 1760ನೆಯ ಇಸವಿ ಮೇ 9ರಂದು ಸಿನ್ಸೆಂಡೋರ್ಫರು ಹೆರ್ನ್‌ಹುಟ್ಟಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಬೇರೆ ಬೇರೆ ದೇಶಗಳಲ್ಲಿ ಸೇವೆ ಮಾಡಿದ 32 ಮಂದಿ ಬೋಧಕರು ಅವರ ಪೆಟ್ಟಿಗೆಯನ್ನು ಹೊತ್ತರು. ಅದೇ ತಿಂಗಳಲ್ಲಿ ಅನ್ನಾ ಸಹ ತೀರಿಕೊಂಡರು.

ಪ್ರಿಯರೇ, ಆಗಸ್ಟ್ 13ರ ಆಶೀರ್ವಾದವನ್ನು ನಾವೆಲ್ಲರೂ ಬಯಸುತ್ತೇವೆ. ಆದರೆ ಅದಕ್ಕೆ ಮುಂಚಿನ ತಿಂಗಳುಗಳನ್ನು ಮರೆಯುತ್ತೇವೆ. ಪವಿತ್ರಾತ್ಮನ ಮಳೆಯನ್ನು ಸುರಿಸುವದು ಮನುಷ್ಯನಿಂದಾಗದು. ಹೊಲವನ್ನು ಉತ್ತು ಹಸನು ಮಾಡುವದು ಮನುಷ್ಯನಿಂದ ಆಗುವದು. ಬೈದವನ ಮನೆಗೆ ತಾನಾಗಿ ಹೋಗುವದು, ಅವನ ದೂರನ್ನು ಕಡೆಯ ವರೆಗೆ ಕೇಳುವದು, ತನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪುವದು, ತಿರುಗಿ ಬಂದವನಿಗೆ ಸ್ಥಾನ ಕೊಡುವದು, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವದು, ಇವೇ ಆ ಉಳುಮೆ. ಇದಕ್ಕೆ ಪ್ರಭುತ್ವ ಬೇಕಾಗಿಲ್ಲ, ಹಣ ಬೇಕಾಗಿಲ್ಲ, ದೊಡ್ಡ ವಿದ್ಯೆಯೂ ಬೇಕಾಗಿಲ್ಲ. ಮುಂದಿನ ರಾತ್ರಿಭೋಜನವು ಬರುವದಕ್ಕೆ ಮುಂಚೆ ನಮ್ಮಲ್ಲಿ ಪ್ರತಿಯೊಬ್ಬನು ತಾನು ಯಾರ ಬಾಗಿಲನ್ನು ತುಳಿಯದೆ ಎಷ್ಟು ವರುಷವಾಯಿತೆಂದು ಎಣಿಸಿ ನೋಡಲಿ. ಎಣಿಸಿದ ಮೇಲೆ ಎದ್ದು ಆ ಬಾಗಿಲಿಗೆ ಹೋಗಲಿ. ಕರ್ತನು ನಮಗೆ ಹಾಗೆ ಮಾಡುವ ಮನಸ್ಸನ್ನು ಕೊಡಲಿ.