ಹ್ಯಾರಿಯೆಟ್ ಟಬ್ಮನ್

ಅಮೇರಿಕಾದ ಮೇರಿಲೆಂಡ್ ಸಂಸ್ಥಾನದ ಡಾರ್ಚೆಸ್ಟರ್ ಪ್ರಾಂತದಲ್ಲಿ, ಸುಮಾರು 1822ನೆಯ ಇಸವಿಯಲ್ಲಿ, ಆಫ್ರಿಕ ಸಂತತಿಯವರಾದ ಬೆನ್ ರಾಸ್ ಮತ್ತು ರಿಟ್ ಎಂಬ ದಂಪತಿಗಳಿಗೆ ಒಂದು ಹೆಣ್ಣು ಮಗು ಹುಟ್ಟಿತು. ಅದಕ್ಕೆ ಅರಮಿಂಟಾ ಎಂದು ಹೆಸರಿಟ್ಟರು. ತಾಯಿಯು ದಾಸಿಯಾಗಿದ್ದರೆ ಆಕೆಯ ಮಕ್ಕಳೂ ಯಜಮಾನನ ಸೊತ್ತೆಂಬುದು ಆ ಸೀಮೆಯ ಕಟ್ಟಳೆಯಾಗಿತ್ತು. ಆದಕಾರಣ ಆ ಕೂಸಿನ ಜನ್ಮದಿನವು ಇಂಥದೆಂದು ಇಂದಿಗೂ ತಿಳಿಯದು. ಈ ಅರಮಿಂಟಾಳೇ ಮುಂದೆ ಹ್ಯಾರಿಯೆಟ್ ಟಬ್ಮನ್ ಎಂದು ಲೋಕಪ್ರಸಿದ್ಧಳಾದಳು.

ಸುಮಾರು ಆರನೆಯ ವಯಸ್ಸಿನಲ್ಲಿಯೇ ಈಕೆಯನ್ನು ತಾಯಿಯ ಮಡಿಲಿನಿಂದ ಅಗಲಿಸಿ ಪರರ ಮನೆಗೆ ಕೂಲಿಗೆ ಕಳುಹಿಸಿದರು. ಒಂದು ಮನೆಯಲ್ಲಿ, ಮೈಮೇಲೆ ದಡಾರ ಎದ್ದಿದ್ದಾಗಲೂ, ಕೊರೆಯುವ ನೀರಿನಲ್ಲಿಳಿದು ಬೋನುಗಳನ್ನು ನೋಡಿ ಬರಬೇಕಾಯಿತು. ಇನ್ನೊಂದು ಮನೆಯಲ್ಲಿ, ತೊಟ್ಟಿಲ ಮಗು ಅತ್ತಾಗಲೆಲ್ಲಾ ಇವಳ ಕೊರಳಿನ ಮೇಲೆ ಚಾವಟಿಯ ಪೆಟ್ಟು ಬೀಳುತ್ತಿತ್ತು. ಆ ಗಾಯದ ಕಲೆಗಳು ಜೀವಮಾನವೆಲ್ಲಾ ಮಾಸಲಿಲ್ಲ. ಮೂವರು ಅಕ್ಕಂದಿರನ್ನು ದೂರದ ದೇಶಕ್ಕೆ ಮಾರಿಬಿಟ್ಟರು. ಹರೆಯಕ್ಕೆ ಕಾಲಿಡುತ್ತಿದ್ದಾಗ, ಓಡಿಹೋಗುತ್ತಿದ್ದ ಒಬ್ಬ ದಾಸನ ಮೇಲೆ ಮೇಲ್ವಿಚಾರಕನು ಎಸೆದ ಎರಡು ಪೌಂಡಿನ ತೂಕವು ಈಕೆಯ ತಲೆಗೆ ಬಡಿಯಿತು. ಅಂದಿನಿಂದ ಮಾತನಾಡುತ್ತಿರುವಾಗಲೇ ಹಠಾತ್ತಾಗಿ ನಿದ್ರೆ ಕವಿಯುವ ವ್ಯಾಧಿಯು ಆಕೆಯನ್ನು ಬಿಡಲಿಲ್ಲ.

ಆಕೆಗೆ ಅಕ್ಷರಜ್ಞಾನವಿರಲಿಲ್ಲ. ತಾಯಿಯ ಬಾಯಿಂದ ಕೇಳಿದ ಸತ್ಯವೇದದ ಕಥೆಗಳೇ ಆಕೆಯ ವಿದ್ಯೆ. ಫರೋಹನ ಕೈಯಿಂದ ಇಸ್ರಾಯೇಲ್ಯರನ್ನು ಬಿಡಿಸಿದ ದೇವರು ತಮ್ಮ ಮೊರೆಯನ್ನೂ ಕೇಳುವನೆಂದು ಆ ದೀನಜನರು ನಂಬಿದ್ದರು. 1849ರಲ್ಲಿ ತಾನು ಕಾಯಿಲೆ ಬಿದ್ದಿದ್ದಾಗ, ಯಜಮಾನನ ಮನಸ್ಸು ತಿರುಗಲೆಂದು ಹ್ಯಾರಿಯೆಟ್ ಹಗಲಿರುಳು ಪ್ರಾರ್ಥಿಸಿದಳು. ತಮ್ಮನ್ನು ಮಾರಲಿದ್ದಾನೆಂಬ ಸುದ್ದಿ ಬಂದಾಗ ಮಾತ್ರ, ಮನಸ್ಸು ತಿರುಗದಿದ್ದರೆ ಅವನನ್ನು ತೆಗೆದುಬಿಡೆಂದು ಬೇಡಿಕೊಂಡಳು. ಅವನು ಬೇಗನೆ ಸತ್ತನು. ಆಗ ಆಕೆಗೆ ಸಂತೋಷವಾಗಲಿಲ್ಲ; ತನ್ನ ಪ್ರಾರ್ಥನೆಯನ್ನು ನೆನೆದು ಬಹಳವಾಗಿ ಮರುಗಿದಳು. ಪೀಡಿಸಿದವನಿಗಾಗಿಯೂ ಕಣ್ಣೀರಿಟ್ಟ ಹೃದಯವದು.

ಅದೇ ವರ್ಷ ಆಕೆಯು ಧ್ರುವನಕ್ಷತ್ರವನ್ನು ನೋಡುತ್ತಾ, ಕ್ವೇಕರ್ ಪಂಥದ ದಯಾಳುಗಳ ನೆರವಿನಿಂದ, ರಾತ್ರಿಯ ಹೊತ್ತು ಪಯಣಿಸಿ ಪೆನ್ಸಿಲ್ವೇನಿಯಾವನ್ನು ಸೇರಿ ಸ್ವತಂತ್ರಳಾದಳು. ಆದರೆ ತನ್ನವರು ಬಂಧನದಲ್ಲಿರುವಾಗ ತಾನೊಬ್ಬಳೇ ಸುಖದಿಂದಿರಲು ಆಕೆಗೆ ಮನಸ್ಸಾಗಲಿಲ್ಲ. ಗಂಡನನ್ನು ಕರೆತರಲು 1851ರಲ್ಲಿ ಹಿಂದಿರುಗಿದಳು. ಅವನು ಬೇರೊಬ್ಬಳೊಡನೆ ಸಂಸಾರ ಹೂಡಿದ್ದನು. ಆ ದುಃಖವನ್ನು ನುಂಗಿಕೊಂಡು, ಹೊರಡಲು ಸಿದ್ಧರಿದ್ದ ಬೇರೆಯವರನ್ನು ಕರೆದುಕೊಂಡು ಬಂದಳು.

ಓಡಿಬಂದವರನ್ನು ಹಿಡಿದೊಪ್ಪಿಸಬೇಕೆಂಬ ಶಾಸನವು 1850ರಲ್ಲಿ ಆಗಿದ್ದುದರಿಂದ ಕೆನಡಾದವರೆಗೂ ಹೋಗಬೇಕಾಗುತ್ತಿತ್ತು. ಪತ್ರಿಕೆಗಳಲ್ಲಿ ಸೋಮವಾರಕ್ಕೆ ಮುಂಚೆ ಪ್ರಕಟಣೆ ಬಾರದೆಂದು ತಿಳಿದು, ಶನಿವಾರ ರಾತ್ರಿಯೇ ಹೊರಡಿಸುತ್ತಿದ್ದಳು. ಹೀಗೆ ಸುಮಾರು ಹತ್ತು ವರ್ಷಗಳಲ್ಲಿ 13 ಸಾರಿ ಹೋಗಿ, ಸುಮಾರು 70 ಮಂದಿಯನ್ನು ಬಿಡಿಸಿದಳು. 1857ರಲ್ಲಿ ವೃದ್ಧರಾದ ತಂದೆತಾಯಿಗಳನ್ನೂ ಕರೆತಂದಳು. ಜನರು ಆಕೆಯನ್ನು ಮೋಶೆಯೆಂದೇ ಕರೆದರು. ಹೆಜ್ಜೆಹೆಜ್ಜೆಗೂ ಪ್ರಾರ್ಥಿಸಿ, ತನಗೆ ದೇವರೇ ದಾರಿ ತೋರಿಸಿದನೆಂದು ಆಕೆ ಹೇಳುತ್ತಿದ್ದಳು.

ಅಂತರ್ಯುದ್ಧದಲ್ಲಿ ದಾದಿಯಾಗಿಯೂ ಗೂಢಚಾರಿಣಿಯಾಗಿಯೂ ಸೇವೆ ಮಾಡಿ, 1863ನೆಯ ಜೂನ್ 2ರಂದು ಕಾಂಬಾಹೀ ನದಿಯ ದಂಡಯಾತ್ರೆಯಲ್ಲಿ 700ಕ್ಕೂ ಹೆಚ್ಚು ದಾಸರ ಬಿಡುಗಡೆಗೆ ನೆರವಾದಳು. 1865ರಲ್ಲಿ ರಾಜ್ಯಾಂಗದ ತಿದ್ದುಪಡಿಯಿಂದ ದಾಸತ್ವವು ರದ್ದಾಯಿತು. ಆದರೂ ತನ್ನ ಯುದ್ಧಸೇವೆಗೆ ಸಲ್ಲತಕ್ಕ ಪಿಂಚಣಿಗಾಗಿ ಆಕೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ತಾನು ಬಡವಳಾಗಿದ್ದರೂ ಆಬರ್ನ್ ಊರಿನ ತನ್ನ ಮನೆಯಲ್ಲಿ ಅನಾಥರಿಗೂ ಮುದುಕರಿಗೂ ಅನ್ನವಿಕ್ಕಿದಳು. ತನ್ನ ಜಮೀನನ್ನು ಸಭೆಗೆ ಒಪ್ಪಿಸಿದಳು. ಅಲ್ಲಿ 1908ರಲ್ಲಿ ವೃದ್ಧಾಶ್ರಮವು ತೆರೆಯಲ್ಪಟ್ಟಿತು. 1913ನೆಯ ಮಾರ್ಚ್ 10ರಂದು ಕರ್ತನಲ್ಲಿ ನಿದ್ರೆಹೋದಳು.

ಪ್ರಿಯ ಸಹೋದರಿಯರೇ, ಈಕೆಯು ಶಾಲೆಯ ಮೆಟ್ಟಿಲನ್ನು ಹತ್ತಿದವಳಲ್ಲ. ಆದರೂ ತನಗೆ ದೊರೆತ ಒಂದೇ ಭಾಗ್ಯವಾದ ಬಿಡುಗಡೆಯನ್ನು ತನಗಾಗಿ ಮಾತ್ರ ಇಟ್ಟುಕೊಳ್ಳಲಿಲ್ಲ. ವಿದ್ಯೆಯೆಂಬ ಭಾಗ್ಯವನ್ನು ಹೊಂದಿರುವ ನಾವು, ಅದಿಲ್ಲದೆ ನಮ್ಮ ನೆರೆಯಲ್ಲಿಯೇ ಇರುವವರ ಕಡೆಗೆ ಒಂದು ಸಾರಿಯಾದರೂ ಹಿಂದಿರುಗಿ ಹೋಗಿದ್ದೇವೆಯೇ ಎಂದು ಕೇಳಿಕೊಳ್ಳುವುದು ಯುಕ್ತವಾಗಿದೆ.